ಕ್ಯಾಲಿಫೋರ್ನಿಯಾದ ಎರಡು ವರ್ಷದ ಡಿಗ್ರಿ: ಮುಂದಿನ ಓದಿಗೋ, ಕೆಲಸಕ್ಕೋ?

ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರ ಬಿಇ ಎರಡನೇ ವರ್ಷಕ್ಕೆ ಸೇರಿದವರು ನಮ್ಮಲ್ಲಿ ಪ್ರತಿ ಊರಲ್ಲೂ ಸಿಗುತ್ತಾರೆ. ಅದೇ ಡಿಪ್ಲೊಮಾ ಹಿಡಿದು ಕಾರ್ಖಾನೆ ಸೇರಿದವರೂ ಸಿಗುತ್ತಾರೆ. ಕ್ಯಾಲಿಫೋರ್ನಿಯಾದ ಸರ್ಕಾರಿ ಕಮ್ಯೂನಿಟಿ ಕಾಲೇಜುಗಳು ಕೊಡುವ ಅಸೋಸಿಯೇಟ್ ಡಿಗ್ರಿಗೂ ಹೀಗೆ ಎರಡು ದಾರಿ. ಆದರೆ ಅಲ್ಲಿ ಯಾವ ದಾರಿ ಎಂಬುದನ್ನು ಮೊದಲ ಸೆಮಿಸ್ಟರಿನಲ್ಲೇ ತೀರ್ಮಾನಿಸಬೇಕು. ಏಕೆಂದರೆ ಒಂದಕ್ಕೆ ಓದಿದ ಕೋರ್ಸು ಇನ್ನೊಂದಕ್ಕೆ ಲೆಕ್ಕಕ್ಕೇ ಬಾರದಿರಬಹುದು.

ನಮ್ಮ ಅಕ್ಕನ ಮಗ ಎರಡು ವರ್ಷ ಓದಿ, 60 ಯೂನಿಟ್ (ಕೋರ್ಸುಗಳಿಗೆ ಸಿಗುವ ಕ್ರೆಡಿಟ್) ದಾಟಿಸಿ, ಒಂದು ಸಂಜೆ ಊಟದ ಮೇಜಿನ ಮೇಲೆ ಅಂಕಪಟ್ಟಿ ಹರಡಿಕೊಂಡು ಕೂತ. ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಾ ಬಂದವನು ಒಂದು ಸಾಲಿನಲ್ಲಿ ನಿಂತುಬಿಟ್ಟ. ಭಾಷಣ ಕಲೆಯ ಕೋರ್ಸನ್ನು ಅವನು ತೆಗೆದುಕೊಂಡೇ ಇರಲಿಲ್ಲ. ಆ ಮೂರು ಯೂನಿಟ್ಟಿಗಾಗಿ ಇನ್ನೊಂದು ಸೆಮಿಸ್ಟರ್ ಹೋಯಿತು. ಅವನಿಗೆ ಆದದ್ದು ಬೇರೆ ಮಕ್ಕಳಿಗೆ ಆಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ದಾರಿ ಆರಿಸಿ

ಮುಂದೆ ಬ್ಯಾಚುಲರ್ ಡಿಗ್ರಿ ಮಾಡುವವರಿಗೆ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' ಇದೆ. ಎಎ-ಟಿ, ಎಎಸ್-ಟಿ ಎಂದು ಬರೆದಿರುವುದು ಇದನ್ನೇ. 2010ರ ಕಾನೂನಿನಿಂದ ಬಂದ ಈ ಡಿಗ್ರಿ ಇದ್ದವರಿಗೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು ವ್ಯವಸ್ಥೆಯಲ್ಲಿ ಸೀಟು ಖಾತ್ರಿ. ಆದರೆ ನೀವು ಬಯಸಿದ ಕ್ಯಾಂಪಸ್ಸಿನಲ್ಲೇ, ಬಯಸಿದ ವಿಷಯದಲ್ಲೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಸ್ಯಾನ್ ಹೋಸೆಯಲ್ಲಿ ಸಿಗದೆ ದೂರದ ಊರಲ್ಲಿ ಸಿಗಬಹುದು. ಓದಿದ ವಿಷಯಕ್ಕೆ ಹೊಂದುವ ಕೋರ್ಸಿಗೆ ಸೇರಿದರೆ ಇನ್ನು 60 ಯೂನಿಟ್‌ಗಳಲ್ಲಿ ಪದವಿ ಮುಗಿಯುತ್ತದೆ.

ನೇರ ಕೆಲಸಕ್ಕೆ ಹೋಗುವವರಿಗೆ ನರ್ಸಿಂಗ್, ಡೆಂಟಲ್ ಹೈಜೀನ್, ರೇಡಿಯಾಲಜಿ, ವಾಹನ ರಿಪೇರಿಯಂಥ ಡಿಗ್ರಿಗಳಿವೆ.

ಹೆಜ್ಜೆ 2: ಇಬ್ಬರಿಗೂ ಒಂದೇ ಇರುವ ನಿಯಮ

ಒಟ್ಟು 60 ಸೆಮಿಸ್ಟರ್ ಯೂನಿಟ್. ಕ್ಯುಪರ್ಟಿನೊದ ಡಿ ಆಂಜಾದಂಥ, ಸೆಮಿಸ್ಟರಿಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿಯ ಕಾಲೇಜುಗಳಲ್ಲಿ ಅದು 90. ಜಿಪಿಎ, ಅಂದರೆ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್, ಕನಿಷ್ಠ 2.0. ಮೇಜರ್, ಅಂದರೆ ಮುಖ್ಯ ವಿಷಯದಲ್ಲಿ ಕನಿಷ್ಠ 18 ಸೆಮಿಸ್ಟರ್ ಯೂನಿಟ್ ಇರಬೇಕು, ಅದರ ಪ್ರತಿ ಕೋರ್ಸಿನಲ್ಲೂ 'ಸಿ' ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಬರಬೇಕು. 12 ಯೂನಿಟ್ಟಾದರೂ ಡಿಗ್ರಿ ಕೊಡುವ ಕಾಲೇಜಿನಲ್ಲೇ ಓದಿರಬೇಕು.

ಹೆಜ್ಜೆ 3: ಸಾಮಾನ್ಯ ಶಿಕ್ಷಣದ ಪಟ್ಟಿ

ಮೇಜರ್ ಯಾವುದೇ ಇರಲಿ, ಎಲ್ಲರೂ ಓದಬೇಕಾದ ವಿಷಯಗಳ ಪಟ್ಟಿ ಇದು. ಹೆಚ್ಚು ಜನ ಎಡವುವುದು ಇಲ್ಲೇ. ಟ್ರಾನ್ಸ್‌ಫರ್ ದಾರಿಗೆ 2025ರ ಫಾಲ್ (ಬೇಸಿಗೆ ರಜೆಯ ನಂತರ ಶುರುವಾಗುವ) ಸೆಮಿಸ್ಟರಿನಿಂದ 'ಕ್ಯಾಲ್-ಗೆಟ್ಸಿ' ಎಂಬ ಒಂದೇ ಪಟ್ಟಿ ಬಂದಿದೆ. ಅದರಲ್ಲಿ 11 ಕೋರ್ಸು, 34 ಯೂನಿಟ್. ಇಂಗ್ಲಿಷ್ ಬರವಣಿಗೆ, ವಿಮರ್ಶಾತ್ಮಕ ಚಿಂತನೆ, ಭಾಷಣ ಕಲೆ ಒಂದೊಂದು, ಗಣಿತ ಒಂದು, ಕಲೆ ಒಂದು, ಮಾನವಿಕ ಒಂದು, ಸಮಾಜ ವಿಜ್ಞಾನ ಎರಡು, ಭೌತ ವಿಜ್ಞಾನ ಒಂದು, ಜೀವ ವಿಜ್ಞಾನ ಒಂದು, ಜೊತೆಗೆ ಒಂದು ಲ್ಯಾಬ್, ಕೊನೆಗೆ ಎಥ್ನಿಕ್ ಸ್ಟಡೀಸ್, ಅಂದರೆ ಅಮೆರಿಕದ ಜನಾಂಗೀಯ ಸಮುದಾಯಗಳ ಅಧ್ಯಯನ. ಎಲ್ಲದರಲ್ಲೂ 'ಸಿ' ಬೇಕು.

ಕೆಲಸದ ದಾರಿಯ ಡಿಗ್ರಿಗೆ ಕಾಲೇಜಿನ ಸ್ಥಳೀಯ ಪಟ್ಟಿ ಸಾಕು, ಅದು ಕನಿಷ್ಠ 21 ಯೂನಿಟ್. ಹಗುರ ಎಂದು ಇದನ್ನು ಹಿಡಿದು, ಆಮೇಲೆ ಯೂನಿವರ್ಸಿಟಿಗೆ ಹೋಗುತ್ತೇನೆ ಎಂದರೆ ಉಳಿದ 13 ಯೂನಿಟ್ಟು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಮನಸ್ಸು ಇನ್ನೂ ಗಟ್ಟಿಯಾಗದವರು ಮೊದಲ ವರ್ಷ ಎರಡೂ ಪಟ್ಟಿಗೆ ಸೇರುವ ಕೋರ್ಸುಗಳನ್ನೇ ತೆಗೆದುಕೊಳ್ಳಲಿ ಎಂಬುದು ನನ್ನ ಸಲಹೆ.

ಹೆಜ್ಜೆ 4: ಸೇರುವ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

'ಟ್ರಾನ್ಸ್‌ಫರಬಲ್' ಎಂಬ ಮಾತನ್ನು ನಂಬಿ ಕೂರಬೇಡಿ. ಯೂನಿಟ್ ಹೋಗುತ್ತದೆ ಎಂದಷ್ಟೇ ಅದರ ಅರ್ಥ; ನಿಮ್ಮ ಮೇಜರ್‌ಗೆ ಬೇಕಾದ ಕೋರ್ಸಿನ ಜಾಗವನ್ನು ಅದು ತುಂಬುತ್ತದೆ ಎಂದಲ್ಲ. 'ಅಸಿಸ್ಟ್' ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ನಿಮ್ಮ ಕಾಲೇಜು, ಸೇರಬೇಕಾದ ಕ್ಯಾಂಪಸ್, ಮೇಜರ್ ಮೂರನ್ನೂ ಆರಿಸಿದರೆ ಎಡಕ್ಕೊಂದು ಬಲಕ್ಕೊಂದು ಕೋರ್ಸಿನ ಜೋಡಿಪಟ್ಟಿ ತೆರೆದುಕೊಳ್ಳುತ್ತದೆ. ಅದನ್ನು ಪ್ರಿಂಟ್ ತೆಗೆದು ಕೌನ್ಸೆಲರ್ ಬಳಿ ಕೂತು ಸೆಮಿಸ್ಟರ್ ಸೆಮಿಸ್ಟರಾಗಿ ಹಂಚಿಕೊಳ್ಳಿ. ಒಂದೇ ಕೋರ್ಸು ಸಾಮಾನ್ಯ ಶಿಕ್ಷಣಕ್ಕೂ ಮೇಜರ್‌ಗೂ ಲೆಕ್ಕವಾಗುವುದುಂಟು; ಅಂಥವನ್ನು ಮೊದಲು ಗುರುತು ಹಾಕಿ.

ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಲೆಕ್ಕ ಬೇರೆ. ಅಲ್ಲಿ ಅಸೋಸಿಯೇಟ್ ಡಿಗ್ರಿ ಕಡ್ಡಾಯವಲ್ಲ. ರಾಜ್ಯದ ನಿವಾಸಿಗಳಿಗೆ ಅರ್ಹತೆಯ ಜಿಪಿಎ 2.4, ಆದರೆ ಸೀಟು ಸಿಗಲು ಅದಕ್ಕಿಂತ ಎಷ್ಟೋ ಮೇಲಿರಬೇಕು. ಎಂಜಿನಿಯರಿಂಗ್ ಕಡೆ ಹೋಗುವವರು ಗಣಿತ, ಭೌತಶಾಸ್ತ್ರದ ಕೋರ್ಸುಗಳನ್ನು ಮುಂದೂಡಲೇಬಾರದು.

ಹೆಜ್ಜೆ 5: ಕೆಲಸದ ದಾರಿಯವರು ಕೇಳಬೇಕಾದದ್ದು

ನರ್ಸಿಂಗನ್ನೇ ತೆಗೆದುಕೊಳ್ಳಿ. ಕಾಲೇಜಿಗೆ ಸೇರಿದ ಮಾತ್ರಕ್ಕೆ ನರ್ಸಿಂಗ್ ಸೀಟು ಸಿಕ್ಕಿತು ಎಂದಲ್ಲ. ಅಂಗರಚನೆ, ಶರೀರಕ್ರಿಯೆ, ಸೂಕ್ಷ್ಮಜೀವಿ ಶಾಸ್ತ್ರಗಳನ್ನು ಲ್ಯಾಬ್ ಸಮೇತ ಮುಗಿಸಿ, ಆಮೇಲೆ ಪ್ರತ್ಯೇಕ ಅರ್ಜಿ ಹಾಕಬೇಕು. ಸೀಟು ಕಡಿಮೆ, ಕಾಯುವವರು ಹೆಚ್ಚು. ಡಿಗ್ರಿಯ ನಂತರ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದರೆ ಮಾತ್ರ ಲೈಸೆನ್ಸ್.

ಇಲ್ಲಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಈ ಕೋರ್ಸುಗಳ ಬಗ್ಗೆ ಬಹಳ ಕೇಳುತ್ತಾರೆ. ಎಚ್-4 (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ) ವೀಸಾದಲ್ಲಿ ಓದಲು ಅಡ್ಡಿಯಿಲ್ಲ, ಆದರೆ ಕೆಲಸ ಮಾಡಲು ಇಎಡಿ ಎಂಬ ಪರವಾನಗಿ ಬೇಕು. ಎರಡು ವರ್ಷದ ಶ್ರಮ ಹಾಕುವ ಮೊದಲು ಅದನ್ನು ವಿಚಾರಿಸಿಕೊಳ್ಳಿ. ಭಾರತದ ಪದವಿ ಇದ್ದರೆ ಅಂಕಪಟ್ಟಿಗಳ ಮೌಲ್ಯಮಾಪನ ಮಾಡಿಸಿ. ಸ್ಥಳೀಯ ಡಿಗ್ರಿಗೆ ಕೆಲವು ಕೋರ್ಸು ಉಳಿಯಬಹುದು.

ಹೆಜ್ಜೆ 6: ಶುಲ್ಕ

ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ನಿವಾಸಿ ಎನಿಸಿಕೊಳ್ಳಲು ಒಂದು ವರ್ಷ ಒಂದು ದಿನದ ವಾಸಕ್ಕೆ ದಾಖಲೆ ಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಈ ದರ ಇಲ್ಲ, ಅವರು ಹಲವು ಪಟ್ಟು ಕಟ್ಟಬೇಕು.

ಹೆಜ್ಜೆ 7: ಅರ್ಜಿ ಹಾಕಿ

ಯೂನಿಟ್ ತುಂಬಿದರೆ ಡಿಗ್ರಿ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನ ಕಾಲೇಜುಗಳಲ್ಲಿ ಪದವಿಗಾಗಿ ಬೇರೆಯೇ ಅರ್ಜಿ ಕೊಡಬೇಕು, ಕೊನೆಯ ದಿನಾಂಕವನ್ನು ಕಾಲೇಜಿನ ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಫಾಲ್ ಸೆಮಿಸ್ಟರಿಗೆ ಯೂನಿವರ್ಸಿಟಿ ಸೇರುವವರು ಅದಕ್ಕೂ ಸುಮಾರು ಒಂದು ವರ್ಷ ಮೊದಲೇ, ಅಕ್ಟೋಬರ್ 1ರಿಂದ ನವೆಂಬರ್ ಕೊನೆಯೊಳಗೆ ಅರ್ಜಿ ಸಲ್ಲಿಸಿ, ಜನವರಿಯಲ್ಲಿ ಬಂದ ಗ್ರೇಡುಗಳನ್ನು ಆಮೇಲೆ ಸೇರಿಸಬೇಕು.