ಮೆಣಸಿನ ಘಮದ ದ್ರಾಕ್ಷಿ: ಪ್ರೆಪೊಟ್ಟೊದಲ್ಲಿ ಸ್ಕಿಯೊಪ್ಪೆಟ್ಟಿನೊ ಜೊತೆ ನನ್ನ ಅನುಭವ

ಇಟಲಿ ವೈನ್ ಅಂದ ತಕ್ಷಣ ಕಿಯಾಂಟಿ, ಬರೋಲೊ ಅಂತಾರೆ, ಸ್ಕಿಯೊಪ್ಪೆಟ್ಟಿನೊ ಅಂದ್ರೆ ಇಟಲಿಯವರಲ್ಲೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಇದು ಫ್ರಿಯುಲಿ ಪ್ರಾಂತ್ಯದ ಕೆಂಪು ದ್ರಾಕ್ಷಿ, ಸ್ಲೊವೇನಿಯಾ ಗಡಿಗೆ ತಾಗಿರೋ ಪ್ರೆಪೊಟ್ಟೊ ಅನ್ನೋ ಊರು ಇದರ ತವರು, ಪಕ್ಕದಲ್ಲೇ ಯೂದ್ರಿಯೊ ಹೊಳೆ ಹರಿಯುತ್ತೆ. ನಾನು ಸಕಲೇಶಪುರ ಕಡೆಯವನು, ಕಾಫಿ ಮೆಣಸು ಮಧ್ಯೆ ಬೆಳೆದವನು, ಕೃಷಿ ಓದಿ ಆಮೇಲೆ ಉದಿನೆ ಯೂನಿವರ್ಸಿಟಿಲಿ ದ್ರಾಕ್ಷಿ ಬೆಳೆ ಮತ್ತೆ ವೈನ್ ಬಗ್ಗೆ ಓದೋಕೆ ಬಂದೆ, ಈಗ ಇಲ್ಲೇ ಒಂದು ಸಣ್ಣ ತೋಟದಲ್ಲಿ ಕೆಲಸ. ನಮ್ಮ ಯಜಮಾನರು ತಮ್ಮ ಹಳೇ ಮೆರ್ಲೊ (ಫ್ರೆಂಚ್ ಕೆಂಪು ದ್ರಾಕ್ಷಿ) ತಾಕನ್ನ ಕಸಿ ಮಾಡಿ ಸ್ಕಿಯೊಪ್ಪೆಟ್ಟಿನೊಗೆ ತಿರುಗಿಸ್ಬೇಕು ಅಂತ ಹೊರಟಾಗ ಆ ಕೆಲಸ ನನ್ನ ಕೈಗೆ ಬಂತು, ಅದನ್ನೇ ಬರೀತಿದೀನಿ.

ಈ ದ್ರಾಕ್ಷಿ ಮೂಲೆಗೆ ಬಿದ್ದಿದ್ದು ರುಚಿ ಇಲ್ಲ ಅಂತ ಅಲ್ಲ. ಫಿಲೊಕ್ಸೆರಾ ಅನ್ನೋ ಬೇರು ಹೇನು ಯೂರೋಪಿನ ತೋಟಗಳನ್ನೆಲ್ಲ ತಿಂದು ಹಾಕಿದ ಮೇಲೆ ಹೊಸದಾಗಿ ನೆಡುವಾಗ ಜನ ಮೆರ್ಲೊ, ಕ್ಯಾಬರ್ನೆ ಥರದ ಫ್ರೆಂಚ್ ತಳಿ ಹಾಕಿದ್ರು, ಆಮೇಲೆ ಎರಡು ಮಹಾಯುದ್ಧ, ಊರು ಬಿಟ್ಟು ಹೋದೋರು ಬೇರೆ. 1970ರ ಹೊತ್ತಿಗೆ ಇದು ಸರ್ಕಾರದ ಅನುಮತಿ ಇರೋ ತಳಿಗಳ ಪಟ್ಟಿಲೇ ಇರ್ಲಿಲ್ಲ, ಅಂದ್ರೆ ನೆಟ್ಟರೆ ಕಾನೂನಿಗೆ ವಿರುದ್ಧ! ಅಂಥಾ ಹೊತ್ತಲ್ಲಿ ಪಾವೊಲೊ ರಪುಟ್ಸಿ ಮತ್ತೆ ಅವರ ಹೆಂಡತಿ ದೀನಾ ಪ್ರೆಪೊಟ್ಟೊದ ಚಾಲ್ಲಾ ಕಣಿವೆಲಿ ಜಾಗ ತಗೊಂಡು, ಅಲ್ಲಿ ಇಲ್ಲಿ ಉಳಿದಿದ್ದ ಹಳೇ ಬಳ್ಳಿಗಳನ್ನ ಹುಡುಕಿ ಕಡ್ಡಿ ತಂದು ನೆಟ್ರು. ಗ್ರಾಪ್ಪಾ (ದ್ರಾಕ್ಷಿ ಹಿಂಡಿದ ಚರಟದಿಂದ ಇಳಿಸೋ ಮದ್ಯ) ಮಾಡೋ ನೊನೀನೊ ಮನೆತನ 1975ರಲ್ಲಿ ಸ್ಥಳೀಯ ಬಳ್ಳಿ ಉಳಿಸೋರಿಗೇ ಅಂತ ರಿಸಿತ್ ದೌರ್ ಪ್ರಶಸ್ತಿ ಶುರು ಮಾಡ್ತು, 1976ರಲ್ಲಿ ಅದು ರಪುಟ್ಸಿ ದಂಪತಿಗೆ ಸಿಕ್ತು, ಅದರಿಂದ ಎದ್ದ ಗಲಾಟೆಗೇ ಮುಂದೆ ಕಾನೂನು ಸಡಿಲ ಆಯ್ತು. ಆ ಇಬ್ಬರು ಇಲ್ದೇ ಹೋಗಿದ್ರೆ ನನಗೆ ಕಸಿ ಮಾಡೋಕೆ ಕಡ್ಡಿನೇ ಸಿಗ್ತಿರ್ಲಿಲ್ಲ.

ಈಗ ನರ್ಸರಿಲಿ ರೆಡಿ ಸಸಿ ಸಿಗುತ್ತೆ. ಆದ್ರೂ ನಾವು ಸ್ಕಿಯೊಪ್ಪೆಟ್ಟಿನೊದ ಹಳೇ ತಾಕಿನ ಬಳ್ಳಿಗಳಿಂದಲೇ ಕಡ್ಡಿ ತಗೊಂಡ್ವಿ, ಯಾಕಂದ್ರೆ ಒಂದೇ ಕ್ಲೋನ್ (ಒಂದೇ ತಾಯಿ ಬಳ್ಳಿಯ ನಕಲು) ಹಾಕಿದ್ರೆ ತೋಟ ಎಲ್ಲಾ ಒಂದೇ ಥರ ಆಗ್ಬಿಡುತ್ತೆ, ಹಳೇ ತಾಕಲ್ಲಿ ಒಂದು ಬಳ್ಳಿ ಬೇಗ ಹಣ್ಣಾಗುತ್ತೆ ಒಂದು ತಡ, ಒಂದರ ಗೊಂಚಲು ಬಿಗಿ ಇನ್ನೊಂದರದ್ದು ಬಿಡಿ, ಆ ವೈವಿಧ್ಯ ಬೇಕು. ಕೊಯ್ಲಿಗೆ ಮುಂಚೆನೇ ಸಾಲು ಸಾಲು ಓಡಾಡಿ ಒಳ್ಳೆ ತಾಯಿ ಬಳ್ಳಿಗಳಿಗೆ ರಿಬ್ಬನ್ ಕಟ್ಟಿದ್ವಿ. ಆಮೇಲೆ ವೈರಸ್ ಟೆಸ್ಟ್. ಇದು ಬಹಳ ಮುಖ್ಯ, ಎಲೆ ಮುದುಡೋ ವೈರಸ್ ಕಡ್ಡಿ ಜೊತೆಗೇ ಬರುತ್ತೆ, ಕೆಳಗಿನ ಮೆರ್ಲೊ ಬುಡದಲ್ಲಿದ್ರೂ ಮೇಲಿನ ಕಸಿಗೆ ಹತ್ತುತ್ತೆ, ಅದಕ್ಕೇ ಎರಡೂ ಕಡೆ ಟೆಸ್ಟ್ ಮಾಡಿಸ್ಬೇಕು. ನೋಡೋಕೆ ಸೊಗಸಾಗಿದ್ದ ಎಷ್ಟೋ ಬಳ್ಳಿನ ಅಲ್ಲೇ ಕೈ ಬಿಡಬೇಕಾಯ್ತು.

ಚಳಿಗಾಲದ ಚಾಟ್ನಿ (ಬಳ್ಳಿ ಸವರೋ) ಟೈಮಲ್ಲಿ ಕಡ್ಡಿ ಕತ್ತರಿಸಿ, ಒದ್ದೆ ಗೋಣಿ ಪ್ಲಾಸ್ಟಿಕ್ ಸುತ್ತಿ ಕೋಲ್ಡ್ ರೂಮಲ್ಲಿ ಇಟ್ವಿ (ನಮ್ಮ ವಿಜಯಪುರ ಕಡೆ ವರ್ಷಕ್ಕೆ ಎರಡು ಚಾಟ್ನಿ, ಇಲ್ಲಿ ಬಳ್ಳಿ ಚಳಿಗೆ ಮಲಗೋದ್ರಿಂದ ಒಂದೇ). ವಸಂತದಲ್ಲಿ ತೊಗಟೆ ಸಲೀಸಾಗಿ ಬಿಡೋ ಹೊತ್ತಿಗೆ ಮೆರ್ಲೊ ಕಾಂಡ ಕೊಯ್ದು ಕಣ್ಣು ಕಸಿ, ಅಂದ್ರೆ ಕಡ್ಡಿಯ ಒಂದು ಮೊಗ್ಗನ್ನ ಕಾಂಡಕ್ಕೆ ಕೂರಿಸೋದು. ದ್ರಾಕ್ಷಿ ಕಾಂಡ ಕೊಯ್ದ್ರೆ ನೀರು ಸುರಿಯುತ್ತೆ, ಆ ನೀರು ಕಣ್ಣಿನ ಜಾಗಕ್ಕೆ ನಿಂತ್ರೆ ಕಸಿ ಹಿಡಿಯಲ್ಲ, ಅದಕ್ಕೆ ಕಸಿಗಿಂತ ಕೆಳಗೆ ಕಾಂಡಕ್ಕೆ ಒಂದು ಸಣ್ಣ ಗಾಯ ಮಾಡಿ ನೀರು ಅಲ್ಲಿಂದ ಹೋಗೋ ಹಾಗೆ ಮಾಡ್ಬೇಕು. ಬೇರು ಹಳೇದೇ ಇರೋದ್ರಿಂದ ಚಿಗುರು ಜೋರಾಗಿ ಬರುತ್ತೆ, ಹೊಸ ಸಸಿಗಿಂತ ಬೇಗ ಫಸಲು, ಆದ್ರೆ ಗಾಳಿಗೆ ಸೀಳಿ ಬರೋ ಭಯ ಜಾಸ್ತಿ, ಕಟ್ತಾನೇ ಇರ್ಬೇಕು.

ಇನ್ನು ಮೆಣಸಿನ ವಿಷಯ. ಈ ವೈನಲ್ಲಿ ಕರಿಮೆಣಸಿನ ಘಮ ಬರುತ್ತೆ ಅಂತಾರಲ್ಲ, ಅದು ಬರೀ ವರ್ಣನೆ ಅಲ್ಲ. ರೊಟಂಡೋನ್ ಅನ್ನೋ ವಸ್ತು ಅದು, ಕರಿಮೆಣಸಲ್ಲಿ ಇರೋದೂ ಅದೇ, ಈ ದ್ರಾಕ್ಷಿ ಸಿಪ್ಪೆಲಿ ಇರೋದೂ ಅದೇ. ಆಸ್ಟ್ರೇಲಿಯಾದ ವಿಜ್ಞಾನಿಗಳು ಶಿರಾಜ್ ದ್ರಾಕ್ಷಿಲಿ ಅದನ್ನ ಕಂಡು 2008ರಲ್ಲಿ ಪ್ರಕಟಿಸಿದ್ರು, ಆಮೇಲೆ ಇಟಲಿಯವರು ಸ್ಕಿಯೊಪ್ಪೆಟ್ಟಿನೊದಲ್ಲೂ ತುಂಬಾ ಇದೆ ಅಂತ ತೋರಿಸಿದ್ರು. ಲೀಟರ್ ಕೆಂಪು ವೈನಿಗೆ 16 ನ್ಯಾನೊಗ್ರಾಂ ಇದ್ರೆ ಸಾಕು ಮೂಗಿಗೆ ಗೊತ್ತಾಗುತ್ತೆ, ಆದ್ರೆ ಐದರಲ್ಲಿ ಒಬ್ಬರಿಗೆ ಎಷ್ಟಿದ್ರೂ ಗೊತ್ತಾಗಲ್ಲ, ಅವರ ಮೂಗೇ ಹಾಗೆ. ನನಗೆ ಮೊದಲ ಗುಟುಕಲ್ಲೇ ನಮ್ಮನೆ ಮೆಣಸು ಒಣಗಿಸೋ ಕಣದ ವಾಸನೆ ಬಂತು, ಈ ದ್ರಾಕ್ಷಿ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿಂದ.

ಈ ಘಮ ತಂಪು ವರ್ಷದಲ್ಲಿ, ನೆರಳಲ್ಲಿರೋ ಗೊಂಚಲಲ್ಲಿ ಜಾಸ್ತಿ. ಹಾಗಂತ ಎಲೆ ದಟ್ಟ ಬಿಟ್ರೆ ಬೂದಿ ರೋಗ, ಮೊದಲೇ ಈ ತಳಿಗೆ ಅದರ ಕಾಟ ಜಾಸ್ತಿ. ನಾವು ಮಾಡೋದು ಇಷ್ಟೇ, ಕಾಯಿ ಕಟ್ಟಿದ ಮೇಲೆ ಬೆಳಗಿನ ಬಿಸಿಲು ಬೀಳೋ ಮಗ್ಗುಲಲ್ಲಿ ಮಾತ್ರ ಎಲೆ ತೆಗೀತೀವಿ, ಗಾಳಿ ಆಡುತ್ತೆ ಇಬ್ಬನಿ ಆರುತ್ತೆ, ಸಂಜೆ ಬಿಸಿಲಿನ ಕಡೆ ಎಲೆ ಹಾಗೇ ಬಿಡ್ತೀವಿ. ಗೊಂಚಲು ಉದ್ದ ಬರೋದ್ರಿಂದ ಬಣ್ಣ ತಿರುಗೋ ಹೊತ್ತಿಗೆ ತುದಿ ಕತ್ತರಿಸ್ತೀವಿ, ಇಲ್ದಿದ್ರೆ ಮೇಲೆ ಹಣ್ಣು ಕೆಳಗೆ ಹುಳಿ.

ವೈನ್ ಮನೇಲಿ ನಂದು ಒಂದೇ ಹಠ: ಇದನ್ನ ಮೆರ್ಲೊ ಥರ ದಪ್ಪ ಮಾಡೋಕೆ ಹೋಗ್ಬಾರದು. ಹೊಸ ಓಕ್ ಪೀಪಾಯಿಲಿ ಹಾಕಿದ್ರೆ ವೆನಿಲಾ, ಸುಟ್ಟ ಮರದ ವಾಸನೆ ಎಲ್ಲಾ ಬಂದು ಮೆಣಸು ಮುಚ್ಚಿ ಹೋಗುತ್ತೆ. ರೊಟಂಡೋನ್ ಸಿಪ್ಪೆಲಿರೋದು, ವೈನಿಗೆ ಇಳಿಯೋದೇ ಅದರ ಸ್ವಲ್ಪ ಭಾಗ, ಅದಕ್ಕೆ ಸಿಪ್ಪೆ ಜೊತೆ ನಿಧಾನಕ್ಕೆ ಹುದುಗಿಸಿ ಹಳೇ ಪೀಪಾಯಿಲಿ ಇಡೋದು ಸರಿ ಅಂತ ನನ್ನ ವಾದ. ಯಜಮಾನರು ಮೊದಲು ಒಪ್ಪಲಿಲ್ಲ, ಹೊಸ ಪೀಪಾಯಿ ವೈನಿಗೆ ರೇಟು ಜಾಸ್ತಿ ಸಿಗುತ್ತೆ ಅಂದ್ರು, ಎರಡೂ ಥರ ಮಾಡಿ ಪಕ್ಕಪಕ್ಕ ಇಟ್ಟು ಕುಡಿದ ಮೇಲೆ ಹಳೇ ಪೀಪಾಯಿಗೇ ಬಂದ್ರು. ಯಾರಾದ್ರೂ ಈ ಕಡೆ ಬಂದ್ರೆ ಲೇಬಲ್ ಮೇಲೆ ಸ್ಕಿಯೊಪ್ಪೆಟ್ಟಿನೊ ಜೊತೆ ಪ್ರೆಪೊಟ್ಟೊ ಅಂತಾನೂ ಇರೋದನ್ನ ನೋಡಿ ತಗೊಳ್ಳಿ, ಸ್ವಲ್ಪ ತಣ್ಣಗೆ ಮಾಡಿ ಕುಡೀರಿ, ಬಿಸಿ ರೂಮಲ್ಲಿಟ್ಟ ಬಾಟಲಲ್ಲಿ ಆಲ್ಕೋಹಾಲೇ ಮುಂದೆ ಬರುತ್ತೆ, ಮೆಣಸು ಹಿಂದೆ ಬೀಳುತ್ತೆ.