ದಂಡಿನ ಹಳೆಯ ಜನನ, ಮರಣ ದಾಖಲೆ: ನಕಲಿಸುವುದು ಹೇಗೆ?

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು (ಕಂಟೋನ್ಮೆಂಟ್) ನೆಲೆಯೂರಿತು. ಇಲ್ಲಿನ ಇಂಗ್ಲಿಷ್ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ದಾಖಲೆಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಇಂಥ ಪುಟಗಳ ಚಿತ್ರ ನೋಡಿ ಟೈಪಿಸುವಾಗ ಹೆಚ್ಚು ಹಾಳಾಗುವುದು, ಸ್ವಯಂಸೇವಕರು ತಮಗೆ ಗೊತ್ತೆಂದು ತಿದ್ದಿದ ಸಾಲುಗಳೇ.

ಪುಟದ ಚಿತ್ರವನ್ನು ನೀವೇ ತೆಗೆಯುವುದಾದರೆ ಸಾದಾ ಕ್ಯಾಮೆರಾ ಸಾಕು. ಸ್ಕ್ಯಾನರ್ ಆ್ಯಪ್‌ಗಳ ‘ಹೊಳಪು’ ಫಿಲ್ಟರ್ ಬೇಡವೇ ಬೇಡ, ಮಾಸಿದ ಶಾಯಿಯನ್ನು ಅದು ಅಳಿಸಿಹಾಕುತ್ತದೆ.

ಎಕ್ಸೆಲ್‌ನಲ್ಲಿ ಎಲ್ಲ ಕಾಲಂಗಳನ್ನೂ ‘ಟೆಕ್ಸ್ಟ್’ ಮಾಡಿ. 1900ಕ್ಕಿಂತ ಹಿಂದಿನ ದಿನಾಂಕ ಅದಕ್ಕೆ ದಿನಾಂಕವೇ ಅಲ್ಲ. ದಿನ, ತಿಂಗಳು, ವರ್ಷಕ್ಕೆ ಬೇರೆ ಬೇರೆ ಕಾಲಂ ಇರಲಿ. ಆಟೋಕರೆಕ್ಟ್, ಆಟೋಕಂಪ್ಲೀಟ್ ಎರಡನ್ನೂ ಆಫ್ ಮಾಡಿ.

ಈಗ ಕಷ್ಟದ ಘಟ್ಟ, ಕೈಬರಹ. ತಕ್ಷಣ ಟೈಪಿಸಲು ಕೂರಬೇಡಿ, ಮೊದಲು ಆ ಬರೆದವರ ಅಕ್ಷರಮಾಲೆಯನ್ನು ಕಾಗದದ ಮೇಲೆ ಮಾಡಿಕೊಳ್ಳಿ. ಪುಟದುದ್ದಕ್ಕೂ ಬರುವ ‘ಬ್ಯಾಂಗಲೋರ್’ ಒಂದೇ ಪದದಲ್ಲಿ ಎಂಟು ಬಗೆಯ ಅಕ್ಷರಗಳಿವೆ. ದೊಡ್ಡ ಜೆಗೆ ಜೂನ್, ಜುಲೈ ನೋಡಿ, ಇಲ್ಲವಾದರೆ ಅದು ಐ ಎನಿಸುತ್ತದೆ. ದೊಡ್ಡ ‘ಎಲ್’ ಅಕ್ಷರವೋ ‘ಎಸ್’ ಅಕ್ಷರವೋ ಎಂಬ ಅನುಮಾನಕ್ಕೆ ಸೆಪ್ಟೆಂಬರ್ ಇದೆ. ಜೋಡಿ ಎಸ್‌ನಲ್ಲಿ ಮೊದಲನೆಯದನ್ನು ಎಫ್‌ನಂತೆ ಉದ್ದವಾಗಿ ಎಳೆಯುವುದು ಅಂದಿನ ರೂಢಿ. ಜೋಡಿಯನ್ನೇ ಪಿ ಎಂದು ಓದಿದರೆ ರಾಸ್ ಮನೆತನ ‘ರಾಪ್’ ಆಗಿಬಿಡುತ್ತದೆ. ಎಂ, ಎನ್, ಯು, ಐ ಒತ್ತೊತ್ತಾಗಿ ಬಂದರೆ ಕಡ್ಡಿ ಎಣಿಸಿ: ಎಂಗೆ 3, ಎನ್‌ಗೂ ಯುಗೂ 2, ಐಗೆ 1. ಐನ ಚುಕ್ಕೆ ಎಷ್ಟೋ ಸಲ ಬಲಕ್ಕೆ ಜಾರಿರುತ್ತದೆ.

‘ಜೆ-ಎನ್-ಓ’ ಎಂದರೆ ಜಾನ್. ಅದನ್ನು ಜೊನಾಥನ್ ಎಂದು ಬಿಡಿಸಿ ಬರೆಯುವವರು ಬಹಳ. ಬಿಡಿಸಲೇಬೇಡಿ, ಇದ್ದಂತೆ ಇಡಿ. ‘ಅಲ್ಸೂರ್’ ಹಲಸೂರು ಆಗಬಾರದು, ‘ಬ್ಲ್ಯಾಕ್‌ಪಲ್ಲಿ’ ಶಿವಾಜಿನಗರ ಆಗಬಾರದು.

ಓದಲಾಗದ ಕಡೆ ಊಹೆ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1837ರಿಂದಾಚೆಯ ನೋಂದಣಿ ಸೂಚಿಯನ್ನು ನಕಲಿಸುವ ಫ್ರೀಬಿಎಂಡಿ ಸ್ವಯಂಸೇವಕರ ಕ್ರಮ ಚೆನ್ನಾಗಿದೆ: ಒಂದು ಅಕ್ಷರ ತಿಳಿಯದಿದ್ದರೆ ಅಡಿಗೆರೆ, ಹಲವಾದರೆ ನಕ್ಷತ್ರ. ಚಿತ್ರವನ್ನು ಎಐಗೆ ಕೊಟ್ಟು ಓದಿಸುವ ಅಡ್ಡದಾರಿಯಲ್ಲಿ ಈ ಗುರುತುಗಳೇ ಮಾಯವಾಗಿ, ನುಣುಪಾದ ತಪ್ಪು ಹೆಸರು ಬಂದು ಕೂರುತ್ತದೆ.

ದೀಕ್ಷಾಸ್ನಾನದ ದಿನವನ್ನು ಹುಟ್ಟಿದ ದಿನದ ಕಾಲಂಗೆ ಹಾಕಬೇಡಿ.

ಮುಗಿದ ಮೇಲೆ ಅದೇ ಪುಟವನ್ನು ನಿಮ್ಮ ಪ್ರತಿ ನೋಡದ ಇನ್ನೊಬ್ಬರು ಟೈಪಿಸಲಿ. ಎರಡೂ ಹೊಂದದ ಸಾಲುಗಳಿಗೆ ಮತ್ತೆ ಚಿತ್ರವನ್ನೇ ನೋಡಿ. ಅಂದು ಸತ್ತ ದಿನವೋ ಮರುದಿನವೋ ಹೂಳುತ್ತಿದ್ದರು. ಸಾವಿಗೂ ಸಮಾಧಿಗೂ ಅಂತರ ಹಲವು ದಿನವಾಗಿದ್ದರೆ 1 ಮತ್ತು 7, 3 ಮತ್ತು 5 ಅದಲುಬದಲಾಗಿವೆಯೇ ನೋಡಿ. ಮೂಲದಲ್ಲೇ ತಪ್ಪಿದ್ದರೆ ತಪ್ಪನ್ನೇ ಟೈಪಿಸಿ, ನಿಮ್ಮ ಅನುಮಾನವನ್ನು ಷರಾ ಕಾಲಂನಲ್ಲಿ ಬರೆಯಿರಿ.