ಹೊಳಪು ಅಂದರೆ ಯಾವ ಹೊಳಪು? ಉಗುರಿನ ಡಿಸೈನನ್ನು ಎಐಗೆ ನಾನು ಹೇಳುವ ಬಗೆ

ಕಾಸರಗೋಡಿನ ಪಾರ್ಲರಿಗೆ ಬರುವವರು ಕನ್ನಡದಲ್ಲಿ ಕೇಳಲಿ, ತುಳುವಿನಲ್ಲಿ ಕೇಳಲಿ, ಮಲಯಾಳದಲ್ಲಿ ಕೇಳಲಿ, ಮಾತು ಒಂದೇ: ‘ಉಗುರು ಸ್ವಲ್ಪ ಹೊಳೆಯಬೇಕು.’ ಅವರಿಗೆ ತೋರಿಸಲೆಂದು, ಚಿತ್ರ ಬಿಡಿಸಿಕೊಡುವ ಎಐಗೆ ಅದನ್ನು ಹಾಗೆಯೇ ಟೈಪ್ ಮಾಡಿದರೆ ಕೆಲಸಕ್ಕೆ ಬರುವ ಚಿತ್ರ ಸಿಗುವುದಿಲ್ಲ. ಹೊಳಪು ನಮ್ಮ ಕೆಲಸದಲ್ಲಿ ನಾಲ್ಕು ಬಗೆ. ಗ್ಲಾಸಿ ಎಂದರೆ ಟಾಪ್ ಕೋಟಿನ (ಕೊನೆಗೆ ಬಳಿಯುವ ಪದರದ) ನುಣುಪು, ಅದರಲ್ಲಿ ಕಣಗಳಿಲ್ಲ. ಶಿಮ್ಮರಿನಲ್ಲಿ ಕಣಗಳುಂಟು, ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣವು. ಗ್ಲಿಟರಿನಲ್ಲಿ ಒಂದೊಂದು ಚೂರೂ ಕಣ್ಣಿಗೆ ಕಾಣುತ್ತದೆ. ಕ್ರೋಮ್ ಕನ್ನಡಿಯ ಹಾಗೆ. ಜೆಲ್ ಅಂದರೆ ಲ್ಯಾಂಪಿನ ಬೆಳಕಿಗೆ ಗಟ್ಟಿಯಾಗುವ ಪಾಲಿಶ್. ಅದರ ನೋ-ವೈಪ್ (ಅಂಟು ಒರೆಸಬೇಕಿಲ್ಲದ) ಟಾಪ್ ಕೋಟನ್ನು ಲ್ಯಾಂಪಿನಲ್ಲಿ ಒಣಗಿಸಿ, ಮೇಲೆ ಪುಡಿ ಉಜ್ಜಿ ಕ್ರೋಮ್ ಬರಿಸುವುದು. ಸಾದಾ ನೇಲ್ ಪಾಲಿಶ್ ಸಾಕು ಅನ್ನುವವರಿಗೆ ಕ್ರೋಮಿನ ಚಿತ್ರ ತೋರಿಸಿದರೆ ಮತ್ತೆ ಕೊಡಲಿಕ್ಕಾಗುವುದಿಲ್ಲ. ಹಾಗಾಗಿ ಮೊದಲು ಪಾಲಿಶೋ ಜೆಲ್ಲೋ ಎಂದು ಕೇಳಿಕೊಂಡು, ಆಮೇಲೆ ಎಐಯಲ್ಲಿ ಡಿಸೈನ್ ಹುಡುಕುತ್ತೇನೆ.

ಬರೆಯುವಾಗ ಉದ್ದ, ಆಕಾರ, ತಳದ ಬಣ್ಣ, ಹೊಳಪಿನ ಬಗೆ, ಯಾವ ಬೆರಳಿಗೆ ಏನು, ಈ ಸಾಲು ತಪ್ಪಿಸುವುದಿಲ್ಲ. ಉದಾಹರಣೆಗೆ: ‘ಶಾರ್ಟ್ ಸ್ಕ್ವೋವಲ್ ನೇಲ್ಸ್, ಶಿಯರ್ ಮಿಲ್ಕಿ ಪಿಂಕ್ ಬೇಸ್, ಗ್ಲಾಸಿ, ಮೈಕ್ರೊ ಫ್ರೆಂಚ್ ಟಿಪ್ ಇನ್ ಗೋಲ್ಡ್ ಆನ್ ಆಲ್ ನೇಲ್ಸ್, ಮೀಡಿಯಂ ಬ್ರೌನ್ ಸ್ಕಿನ್, ಡೇಲೈಟ್.’ (ಸ್ಕ್ವೋವಲ್ ಅಂದರೆ ಮೂಲೆ ದುಂಡಗಾದ ಚೌಕ ತುದಿ, ಶಿಯರ್ ಅಂದರೆ ಉಗುರು ತುಸು ಕಾಣುವಷ್ಟು ತೆಳು ಬಣ್ಣ, ಮೈಕ್ರೊ ಫ್ರೆಂಚ್ ಅಂದರೆ ತುದಿಗೆ ಎಳೆಯಷ್ಟು ಸಪೂರ ಗೆರೆ.) ಚರ್ಮದ ಬಣ್ಣ ಬರೆಯದಿದ್ದರೆ ಹೆಚ್ಚಾಗಿ ಬಿಳಿ ಕೈಯೇ ಬರುತ್ತದೆ. ಆ ಕೈಯಲ್ಲಿ ಚಂದ ಕಂಡ ನ್ಯೂಡ್ (ಚರ್ಮಕ್ಕೆ ಹತ್ತಿರದ ಬಣ್ಣದ) ಶೇಡ್ ನಮ್ಮವರ ಗೋಧಿ ಬಣ್ಣದ ಕೈಗೆ ಬೂದಿ ಬಳಿದಂತೆ ಕಾಣುವುದುಂಟು.

ಡಿಸೈನಿನ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. ‘ಬಾದಾಮಿ ಉಗುರು’ ಅಂದರೆ ಬಾದಾಮಿಯ ಬಣ್ಣ ಬರಬಹುದು, ನಮಗೆ ಬೇಕಾದದ್ದು ತುದಿ ಸಪೂರಾಗುವ ಆಲ್ಮಂಡ್ ಆಕಾರ. (ಗುಹೆಗಳು ಬಂದರೂ ಆಶ್ಚರ್ಯವಿಲ್ಲ!) ‘ಕ್ಯಾಟ್ ಐ’ ಎಂದಷ್ಟೇ ಬರೆದರೆ ಉಗುರಿನ ಮೇಲೆ ಬೆಕ್ಕು ಕೂತಿರುವುದೂ ಉಂಟು. ನಮಗೆ ಬೇಕಾದದ್ದು ಆಯಸ್ಕಾಂತ ಹಿಡಿದು ಉಗುರಿನ ನಡುವೆ ಬರಿಸುವ ಬೆಳಕಿನ ಪಟ್ಟೆ, ‘ಮ್ಯಾಗ್ನೆಟಿಕ್ ಜೆಲ್’ ಎಂದು ಸೇರಿಸಿದರೆ ಅದು ಹೆಚ್ಚಾಗಿ ಸರಿ ಬರುತ್ತದೆ.

ಉದ್ದದ ವಿಷಯದಲ್ಲಿ ಮಿಲಿಮೀಟರ್ ಬರೆದು ಪ್ರಯೋಜನ ಕಡಿಮೆ, ಅಳತೆ ಎಐಯ ತಲೆಗೆ ಸರಿಯಾಗಿ ಹೋಗುವುದಿಲ್ಲ. ‘ಬೆರಳ ತುದಿಯಿಂದ ಸ್ವಲ್ಪವೇ ಹೊರಗೆ’ ಎಂಬ ಅರ್ಥದ ಮಾತು ಹೆಚ್ಚು ನಾಟುತ್ತದೆ. ಹೇಳದೆ ಬಿಟ್ಟರೆ ಹೆಚ್ಚಾಗಿ ಉದ್ದುದ್ದ ಉಗುರೇ ಬರುವುದು. ಆ ಉದ್ದ ಉಗುರಿನ ಮೇಲೆ ಬಿಡಿಸಿದ ಐದು ಹೂವು 2 ಮಿಲಿಮೀಟರ್ ಮಾತ್ರ ಬೆಳೆದ ಉಗುರಿನಲ್ಲಿ ಹಿಡಿಸುವುದು ಎಲ್ಲಿ?

‘ಗ್ಲಿಟರ್ ಬೇಡ’ ಎಂದರೆ ಎಷ್ಟೋ ಸಲ ಗ್ಲಿಟರೇ ಬರುತ್ತದೆ, ಆ ಶಬ್ದ ಕಂಡದ್ದೇ ಸಾಕು ಅದಕ್ಕೆ. ಬೇಡದ್ದರ ಬದಲು ಬೇಕಾದದ್ದನ್ನು ಬರೆಯಿರಿ: ‘ಪ್ಲೇನ್ ಕ್ರೀಮ್ ಫಿನಿಶ್’, ಅಂದರೆ ಕಣಗಳಿಲ್ಲದ ಸಾದಾ ಬಣ್ಣ. ತಿದ್ದುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ. ಬಣ್ಣ, ಆಕಾರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಚಿತ್ರ ಕೆಟ್ಟಿತೆಂದು ಗೊತ್ತಾಗುವುದಿಲ್ಲ. ಉಂಗುರ ಬೆರಳಿಗೆ ಮಾತ್ರ ಡಿಸೈನ್ ಕೇಳಿದ್ದರೆ ಬೆರಳು ಎಣಿಸಿಯೇ ನೋಡಿ. ನಡುಬೆರಳಿಗೆ ಹಾಕಿಬಿಡುವುದು ಮಾಮೂಲು.

ಪುನರ್ಪುಳಿ (ಕೋಕಂ) ಶರಬತ್ತಿನ ಬಣ್ಣ ಬೇಕೆಂದರೆ ನಮಗೆ ತಕ್ಷಣ ತಿಳಿಯುತ್ತದೆ, ಎಐಗೆ ‘ಡೀಪ್ ವೈನ್ ರೆಡ್’ ಎನ್ನಬೇಕು. ಸೀರೆಗೆ ಹೊಂದಿಸುವುದಾದರೆ ಅಂಚನ್ನು ಹಗಲು ಕಿಟಕಿಯ ಹತ್ತಿರ ಹಿಡಿದು ಫೋಟೊ ತೆಗೆದು, ಅದನ್ನು ಎಐಗೆ ಕೊಟ್ಟು ಶೇಡಿನ ಹೆಸರು ಕೇಳುತ್ತೇನೆ. ಹಳದಿ ಬಲ್ಬಿನ ಕೆಳಗೆ ತೆಗೆದರೆ ಗುಲಾಬಿಯೂ ಕಿತ್ತಳೆಯಾಗುತ್ತದೆ. ಕೊನೆಗೆ ಶೇಡ್ ಕಡ್ಡಿಯನ್ನು (ಬಣ್ಣ ಬಳಿದಿಟ್ಟ ಮಾದರಿಯನ್ನು) ಸೀರೆಯ ಮೇಲಿಟ್ಟು ನೋಡದೆ ಬಾಟಲಿ ತೆರೆಯುವುದಿಲ್ಲ.

ಮದರಂಗಿ ಹಾಕಿದ ಮದುಮಗಳ ಕೈಗೆ ಹುಡುಕುವಾಗ ‘ಮೆಹೆಂದಿ ಆನ್ ಸ್ಕಿನ್, ಸಾಲಿಡ್ ಕಲರ್ ನೇಲ್ಸ್’ ಎಂದು ಬೇರೆಬೇರೆಯಾಗಿ ಬರೆಯಿರಿ, ಇಲ್ಲದಿದ್ದರೆ ಬಳ್ಳಿ ಉಗುರಿಗೂ ಹಬ್ಬುತ್ತದೆ. ಇನ್ನೊಂದು, ಯಾವ ಚಿತ್ರದಲ್ಲೂ ಕಾಣದ್ದು: ಮದರಂಗಿ ಕೆಂಪಾಗಲಿ ಎಂದು ಹಚ್ಚಿದ ಎಣ್ಣೆಯ ಪಸೆ ಉಗುರಿನಲ್ಲಿ ಉಳಿದರೆ ಜೆಲ್ ಬುಡದಿಂದ ಏಳುತ್ತದೆ. ಬೇಸ್ ಕೋಟಿಗೆ ಮೊದಲು ಉಗುರನ್ನಷ್ಟೇ, ಚರ್ಮಕ್ಕೆ ತಾಗಿಸದೆ, ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿ.